ಮೂಲಪುರುಷನ ಪಕ್ಕದಲ್ಲಿದ್ದವಳು

ದಕ್ಷಿಣ ಆಫ್ರಿಕಾದ ವಂಶಾವಳಿ ಪುಸ್ತಕಗಳನ್ನು ಮೊದಲ ಸಲ ಬಿಡಿಸಿದವರಿಗೆ ಬೀಜಗಣಿತದ ಪಠ್ಯ ಕೈಗೆ ಸಿಕ್ಕಂತೆ ಅನ್ನಿಸುತ್ತದೆ. ಪ್ರತಿ ಹೆಸರಿನ ಹಿಂದೆಯೂ ‘ಬಿ3ಸಿ2ಡಿ5’ ಎಂಬಂಥ ಒಂದು ಸಂಕೇತ. ಓದುವ ಕ್ರಮ ಗೊತ್ತಾದರೆ ಕಷ್ಟವೇನಿಲ್ಲ. ಯುರೋಪಿನಿಂದ ಬಂದು ಹಡಗಿಳಿದ ಮೂಲಪುರುಷ ‘ಎ’. ಅವನ ಮೂರನೆಯ ಮಗು, ಆ ಮಗುವಿನ ಎರಡನೆಯ ಮಗು, ಅದರ ಐದನೆಯದು. ನಮ್ಮ ಹೆಳವರು ಮನೆ ಮುಂದೆ ನಿಂತು ರಾಗವಾಗಿ ಹೇಳುವ ತಲೆಮಾರುಗಳನ್ನು ಇಲ್ಲಿ ಆರೇ ಗುರುತುಗಳಲ್ಲಿ ಅಡಕ ಮಾಡಿದ್ದಾರೆ. ಜಾಣತನದ ಪದ್ಧತಿ, ಒಪ್ಪಬೇಕು. ಆದರೆ ಅದಕ್ಕೊಂದು ಊನವಿದೆ. ಮದುವೆಯಾಗಿ ಹೋದ ಮಗಳ ಸಾಲು ಅಲ್ಲಿಗೇ ನಿಲ್ಲುತ್ತದೆ, ಅವಳ ಮಕ್ಕಳು ಬೇರೆ ಮನೆತನದ ಪುಟಕ್ಕೆ ಸೇರುತ್ತಾರೆ. ಮನೆಗೆ ಬಂದ ಸೊಸೆಗೆ ಹೆಸರುಂಟು, ಸಂಕೇತವಿಲ್ಲ. ಕೇಪ್ ವಲಸೆಗಾರರ ವಂಶಶೋಧನೆ ನಡೆದುಬಂದ ದಾರಿಯನ್ನು ನೋಡಿದರೆ, ಸಂಕೇತವಿಲ್ಲದ ಈ ಹೆಂಗಸರೇ ಕೊನೆಗೆ ಇಡೀ ಪುಸ್ತಕವನ್ನು ತಿರುವಿ ಓದಿಸಿದರು ಅನ್ನಿಸುತ್ತದೆ.

ವಸಾಹತಿನ ಕಥೆ ಚಿಕ್ಕದು. 1652ರ ಏಪ್ರಿಲ್‌ನಲ್ಲಿ ಯಾನ್ ವಾನ್ ರೀಬೇಕ್ ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಕೇಪ್‌ನ, ಅಂದರೆ ಗುಡ್ ಹೋಪ್ ಭೂಶಿರದ, ಟೇಬಲ್ ಕೊಲ್ಲಿಯಲ್ಲಿ ಇಳಿದ. ಪೂರ್ವಕ್ಕೆ ಹೋಗುವ ಹಡಗುಗಳಿಗೆ ನೀರು, ತರಕಾರಿ, ಮಾಂಸ ಒದಗಿಸುವುದಷ್ಟೇ ಅವನಿಗೆ ಒಪ್ಪಿಸಿದ್ದ ಕೆಲಸ. 1657ರಲ್ಲಿ ಕಂಪನಿ ತನ್ನ ಕೆಲವು ನೌಕರರನ್ನು ಬಿಡುಗಡೆ ಮಾಡಿ ಲೀಸ್‌ಬೇಕ್ ನದಿಯ ದಡದಲ್ಲಿ ಬೇಸಾಯಕ್ಕೆ ನೆಲ ಕೊಟ್ಟಿತು. ಮರುವರ್ಷವೇ ಗುಲಾಮರನ್ನು ಹೊತ್ತ ದೊಡ್ಡ ಹಡಗುಗಳು ಬಂದವು. 1688ರ ಸುಮಾರಿಗೆ ಫ್ರಾನ್ಸಿನಲ್ಲಿ ಮತದ ಕಾರಣಕ್ಕೆ ಕಿರುಕುಳ ಅನುಭವಿಸಿದ ಹ್ಯೂಗನಾಟರು ಬಂದಿಳಿದರು. ಬೆಂಗಳೂರಿನ ಕ್ರಿಕೆಟ್ ಅಭಿಮಾನಿಗಳ ನಾಲಿಗೆಯ ಮೇಲಿರುವ ‘ಡಿವಿಲಿಯರ್ಸ್’ ಎಂಬ ಮನೆಹೆಸರು 1689ರಲ್ಲಿ ಹೀಗೆ ಬಂದ ಮೂವರು ಅಣ್ಣತಮ್ಮಂದಿರದು.

ಅದೇ ಮನೆಹೆಸರಿನ ಕ್ರಿಸ್ಟಾಫೆಲ್ ಕುಟ್ಸಿಯ ಡಿವಿಲಿಯರ್ಸ್ ಕೇಪ್‌ನ ವಂಶಶೋಧನೆಗೆ ಅಡಿಪಾಯ ಹಾಕಿದವನು. ಚರ್ಚಿನ ದೀಕ್ಷಾಸ್ನಾನ ಮತ್ತು ಮದುವೆಯ ದಾಖಲೆಗಳನ್ನು ಒಂದೊಂದಾಗಿ ನಕಲು ಮಾಡಿಕೊಂಡು ಹಳೆಯ ಕೇಪ್ ಮನೆತನಗಳ ಪಟ್ಟಿ ಕಟ್ಟುತ್ತಿದ್ದ ಆತ 1887ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಇತಿಹಾಸಕಾರ ಜಾರ್ಜ್ ಮೆಕಾಲ್ ಥೀಲ್ ಹಸ್ತಪ್ರತಿಯನ್ನು ಸರಿಪಡಿಸಿ 1893–94ರಲ್ಲಿ ಮೂರು ಸಂಪುಟಗಳಾಗಿ ಹೊರತಂದ. ಮುಂದೆ 1966ರಲ್ಲಿ ಕಾರ್ನೆಲಿಸ್ ಪಾಮಾ ಅದನ್ನು ಪರಿಷ್ಕರಿಸಿದ. ಮೇಲೆ ಹೇಳಿದ ಸಂಕೇತ ಪದ್ಧತಿಗೆ ಡಿವಿಲಿಯರ್ಸ್, ಪಾಮಾ ಇಬ್ಬರ ಹೆಸರೂ ಅಂಟಿಕೊಂಡಿದೆ. ಆಮೇಲೆ 1986ರಿಂದ ಹೇಸ ಮತ್ತು ಲೊಂಬಾರ್ಡ್ ಆರಂಭಿಸಿದ ಬೃಹತ್ ಮಾಲಿಕೆ 17 ಸಂಪುಟಗಳವರೆಗೆ ಬೆಳೆಯಿತು. ವಂಶಾವಳಿ ಸಂಘ, ಸ್ಟೆಲೆನ್‌ಬೋಷ್‌ನಲ್ಲಿ ಒಂದು ಸಂಸ್ಥೆ, ಇವೆಲ್ಲ ನಡುವೆ ಹುಟ್ಟಿಕೊಂಡವು.

ಹೆಸರುಗಳು ಸಿಕ್ಕಮೇಲೆ ಎಣಿಕೆಯ ಚಪಲ ಹತ್ತಿತು. ಬೋಯರ್ ಯುದ್ಧ ಮುಗಿದ 1902ರಲ್ಲೇ ಡಚ್ ಇತಿಹಾಸಕಾರ ಕೋಲೆನ್‌ಬ್ರಾಂಡರ್ ಕೇಪ್‌ನ ಬಿಳಿಯ ವಲಸೆಗಾರರ ಸಂತತಿಯವರಾದ ಬೋಯರರ (ಈಗಿನ ಹೆಸರಲ್ಲಿ ಆಫ್ರಿಕಾನರರ) ಮೂಲದ ಬಗ್ಗೆ ಪುಸ್ತಕ ಬರೆದು, ಅವರ ರಕ್ತದಲ್ಲಿ ಅರ್ಧದಷ್ಟು ಡಚ್ಚರದು ಎಂದ. ಇಂಥ ಲೆಕ್ಕದ ಹಿಂದೆ ಯಾರು ಯಾರ ಬಂಧುಗಳು ಎಂಬ ರಾಜಕೀಯ ಇದ್ದೇ ಇರುತ್ತದೆ. 1946ರಲ್ಲಿ ಹೋಗ ಎಂಬ ವಿದ್ವಾಂಸ ಕೇಪ್‌ಗೆ ಬಂದ ಜರ್ಮನರ ಪಟ್ಟಿ ಪ್ರಕಟಿಸಿದಾಗ ಜರ್ಮನ್ ಪಾಲು ದೊಡ್ಡದಾಗಿ ಕಾಣತೊಡಗಿತು. 1971ರಲ್ಲಿ ಮೇಲಿನ ಮಾಲಿಕೆಯ ಯೋಹಾನೆಸ್ ಹೇಸ ಎರಡು ಶತಮಾನಗಳ ಮದುವೆಗಳನ್ನು ಮತ್ತೆ ಎಣಿಸಿದ. ಡಚ್ಚರು ಮತ್ತು ಜರ್ಮನರು ಹತ್ತಿರಹತ್ತಿರ ಸಮ, ತಲಾ ಮೂರನೇ ಒಂದು ಪಾಲು. ಅದರ ಕೆಳಗೆ ಇನ್ನೊಂದು ಸಾಲು: ಯುರೋಪಿನವರಲ್ಲದವರ ಪಾಲು ಸುಮಾರು ಶೇಕಡ 7. ಬಣ್ಣ ನೋಡಿ ಬಸ್ಸಿನ ಸೀಟು ಕೊಡುತ್ತಿದ್ದ ದೇಶದಲ್ಲಿ ಆ ಪುಸ್ತಕ ಅಚ್ಚಾಯಿತು.

ಶೇಕಡ 7 ಅಂದರೆ ಯಾರು? ಒಬ್ಬಳ ಜೊತೆ ಸ್ವಲ್ಪ ಹೊತ್ತು ನಿಲ್ಲೋಣ. ದಾಖಲೆಯಲ್ಲಿ ಅವಳು ‘ಬಂಗಾಳದ ಏಂಜೆಲಾ’, ಊರವರ ಬಾಯಲ್ಲಿ ‘ಮಾಯ್ ಅನ್ಸೆಲಾ’. ವಾನ್ ರೀಬೇಕನ ಮನೆಯ ದಾಸಿ. ಅವನು ಕೇಪ್ ಬಿಡುವಾಗ ಅವಳನ್ನು ಗಬ್ಬೆಮಾ ಎಂಬ ಅಧಿಕಾರಿಗೆ ಮಾರಿದ. 1666ರಲ್ಲಿ ಆತ ಅವಳನ್ನೂ ಮಕ್ಕಳನ್ನೂ ಬಿಡುಗಡೆ ಮಾಡಿದ. ಮರುವರ್ಷ ಅವಳಿಗೆ ಊರೊಳಗೆ ಒಂದು ನಿವೇಶನ ಸಿಕ್ಕಿತು. 1669ರಲ್ಲಿ ಜರ್ಮನಿಯ ವೇಸೆಲ್ ಊರಿನ ಆರ್ನೋಲ್ಡಸ್ ಬಾಸನ್ ಅವಳನ್ನು ಮದುವೆಯಾದ. ಇಂದಿನ ಬಾಸನ್ ಮನೆತನದ ‘ಎ’ ಈತನೇ. ಏಂಜೆಲಾಳ ಮೊದಲಿನ ಮಕ್ಕಳಲ್ಲಿ ಒಬ್ಬಳಾದ ಅನ್ನಾ ದ ಕೋನಿಂಗ್ ಸ್ವೀಡನ್ನಿನ ಕ್ಯಾಪ್ಟನ್ ಓಲೋಫ್ ಬೆರ್ಗನ ಹೆಂಡತಿಯಾಗಿ ಕೊನೆಗೆ ಗ್ರೂಟ್ ಕಾನ್‌ಸ್ಟಾನ್ಷಿಯಾ ಎಂಬ ಹೆಸರಾಂತ ದ್ರಾಕ್ಷಿ ಎಸ್ಟೇಟಿನ ಒಡತಿಯಾದಳು. ದಾಸಿಯ ಮಗಳ ಆ ಮನೆಯಲ್ಲೂ ಗುಲಾಮರಿದ್ದರು. ಆಸ್ತಿಪಟ್ಟಿಯಲ್ಲಿ ಅದೂ ಬರೆದಿದೆ. ತಾಯಿ-ಮಗಳ ಕಥೆಯನ್ನು ಬರೀ ಗೆಲುವಿನ ಕಥೆ ಮಾಡಲು ಹೊರಟವರಿಗೆ ಈ ಸಾಲು ಎಡವುಗಲ್ಲು.

ಇನ್ನೊಬ್ಬಳು ಕ್ರೊಟೊವಾ, ಅಲ್ಲಿನ ಮೂಲನಿವಾಸಿಗಳಾದ ಖೊಯಿಖೊಯಿ ಜನರ ಹುಡುಗಿ. ಡಚ್ ಕಲಿತು ಕಂಪನಿಯ ಕೋಟೆಗೂ ತನ್ನವರಿಗೂ ನಡುವೆ ದುಭಾಷಿಯಾದಳು. 1664ರಲ್ಲಿ ಡೆನ್ಮಾರ್ಕಿನ ವೈದ್ಯ ವಾನ್ ಮೇರ್‌ಹೋಫ್‌ನನ್ನು ಮದುವೆಯಾದಳು. ಗಂಡ ಸತ್ತಮೇಲೆ ಕುಡಿತದ ಅಪವಾದ ಹೊತ್ತು ರಾಬೆನ್ ದ್ವೀಪಕ್ಕೆ ಗಡೀಪಾರಾದಳು. 1674ರಲ್ಲಿ ಸತ್ತಳು. ಮಗಳು ಪೀಟರ್ನೆಲ್ಲಾ ಮಾರಿಷಸ್‌ನಲ್ಲಿ ಜಾಯ್‌ಮಾನ್ ಎಂಬವನ ಕೈಹಿಡಿದಳು. ಈಗ ಸಾಯ್‌ಮಾನ್ ಎಂದು ಕರೆಯುವ ಮನೆತನದ ಬೇರು ಅಲ್ಲಿದೆ. ಕೇಪ್‌ನ ಗವರ್ನರ್ ಸೈಮನ್ ವಾನ್ ಡೆರ್ ಸ್ಟೆಲ್‌ನದೂ ಇಂಥದೇ ಕಥೆ. ಸ್ಟೆಲೆನ್‌ಬೋಷ್ ಊರಿಗೆ ಹೆಸರು ಕೊಟ್ಟವನು ಅವನೇ; ಅವನ ತಾಯಿಯ ತಾಯಿ ಭಾರತ ಮೂಲದ ಹೆಂಗಸು.

ಇವೆಲ್ಲ ಎಲ್ಲೋ ಬಚ್ಚಿಟ್ಟ ಕಾಗದಗಳಲ್ಲಿ ಇದ್ದದ್ದಲ್ಲ. ಡಿವಿಲಿಯರ್ಸ್ ನೋಡಿದ ಅದೇ ಚರ್ಚ್ ಪುಸ್ತಕಗಳಲ್ಲಿ, ಗಂಡನ ಹೆಸರಿನ ಪಕ್ಕದಲ್ಲೇ ‘ಬಂಗಾಳದ’, ‘ಮಲಬಾರಿನ’, ‘ಕೇಪಿನ’ ಎಂದು ಬರೆದಿತ್ತು. ಕಣ್ಣು ಎಡಗಡೆಯ ಅಂಕಣದ ಮೇಲಿದ್ದರೆ ಬಲಗಡೆಯದು ಕಾಣುವುದಿಲ್ಲ. 1950ರ ಜನಸಂಖ್ಯಾ ನೋಂದಣಿ ಕಾಯಿದೆ ಕೂಡ ಬಿಳಿಯನೆಂದರೆ ಯಾರು ಎಂಬುದಕ್ಕೆ ಮೊದಲಿಗೆ ವಂಶಾವಳಿ ಕೇಳಲಿಲ್ಲ. ನೋಡಲು ಬಿಳಿಯನಿರಬೇಕು, ಇಲ್ಲವೆ ಬಿಳಿಯನೆಂದು ಜನ ಒಪ್ಪಿರಬೇಕು ಎಂದಷ್ಟೇ ಹೇಳಿತು. ವಂಶಾವಳಿ ಕೇಳಿದ್ದರೆ ಏನಾಗುತ್ತಿತ್ತು ಎಂಬುದು ಕಾಯಿದೆ ಬರೆದವರಲ್ಲಿ ಕೆಲವರಿಗಾದರೂ ಹೊಳೆದಿರಬೇಕು ಎಂದು ನನ್ನ ಗುಮಾನಿ.

ಆ ಗುಮಾನಿಗೆ ಪುಷ್ಟಿ ಕೊಡುವಂತೆ 1984ರಲ್ಲಿ ಅದೇ ಮನೆಹೆಸರಿನ ಇನ್ನೊಬ್ಬ, ಹಾನ್ಸ್ ಹೇಸ, ‘ಗ್ರೂಪ್ ಸೊಂಡರ್ ಗ್ರೆನ್ಸ’, ಅಂದರೆ ‘ಗಡಿಯಿಲ್ಲದ ಗುಂಪು’ ಎಂಬ ಪುಸ್ತಕ ತಂದ. 1652ರಿಂದ 1795ರವರೆಗಿನ ಮಿಶ್ರ ಮದುವೆಗಳನ್ನು ಅವನು ಹೆಸರು ಹೆಸರಾಗಿ ಪಟ್ಟಿ ಮಾಡಿದ್ದ. ಹಿಂದಿನವರು ಶೇಕಡಾವಾರು ಹೇಳಿದಾಗ ಯಾರಿಗೂ ನೋವಾಗಿರಲಿಲ್ಲ. ಮನೆಹೆಸರು ಕಂಡಾಗ ಗುಲ್ಲೆದ್ದಿತು. ಅಂಕಿ ಎಲ್ಲರದು, ಅಜ್ಜಿ ಮಾತ್ರ ನಮ್ಮ ಮನೆಯವಳು!

ಇಷ್ಟರಲ್ಲಿ ವೈದ್ಯರು ಬೇರೆ ಬಾಗಿಲಿನಿಂದ ಒಳಬಂದಿದ್ದರು. ಪೋರ್ಟ್ ಎಲಿಜಬೆತ್‌ನ ಡಾ. ಜೆಫ್ರಿ ಡೀನ್‌ಗೆ ಒಂದು ವಿಚಿತ್ರ ಕಾಯಿಲೆ ಮತ್ತೆ ಮತ್ತೆ ಎದುರಾಯಿತು. ನಿದ್ರೆಗೆಂದೋ ಅರಿವಳಿಕೆಗೆಂದೋ ಬಾರ್ಬಿಟ್ಯುರೇಟ್ ಔಷಧ ಕೊಟ್ಟರೆ ಕೆಲವರ ಕೈಕಾಲು ಬಿದ್ದುಹೋಗಿ ಜೀವಕ್ಕೇ ಅಪಾಯವಾಗುತ್ತಿತ್ತು. ಅವರ ಕೈಗಳ ಚರ್ಮವೂ ಅತಿ ನಾಜೂಕು, ಬಿಸಿಲಿಗೆ ಬೊಬ್ಬೆ ಏಳುವಂಥದ್ದು. ಒಂದು ಮನೆತನದಲ್ಲಿ ಆ ಚರ್ಮಕ್ಕೆ ಮನೆಹೆಸರನ್ನೇ ಇಟ್ಟು ಕರೆಯುವಷ್ಟು ಅದು ಪರಿಚಿತವಾಗಿತ್ತು. ಅದು ಪೋರ್ಫೈರಿಯಾ ಎಂಬ ಆನುವಂಶಿಕ ರೋಗ. ಡೀನ್ ಸ್ಟೆತೊಸ್ಕೋಪ್ ಬದಿಗಿಟ್ಟು ವಂಶಾವಳಿ ಹಿಡಿದು ಕೂತ. ಒಂದೊಂದೇ ರೋಗಿಯ ತಂದೆತಾಯಿ, ಅಜ್ಜ, ಮುತ್ತಜ್ಜಿಯರ ಬೆನ್ನು ಹತ್ತಿ ಕೊನೆಗೆ 1688ರ ಒಂದು ಮದುವೆಗೆ ಬಂದು ಮುಟ್ಟಿದ. ಗಂಡು ಕೇಪ್‌ನ ರೈತ ಗೆರಿಟ್ ಯಾನ್ಸ್. ಹೆಣ್ಣು ಆರಿಯಾನ್‌ತ್ಯ ಯಾಕೋಬ್ಸ್, ಅದೇ ವರ್ಷ ರಾಟರ್‌ಡ್ಯಾಮಿನ ಅನಾಥಾಲಯದಿಂದ ವಲಸೆಗಾರರಿಗೆ ಹೆಂಡಿರಾಗಲೆಂದು ಕಳಿಸಿದ ಹುಡುಗಿಯರಲ್ಲಿ ಒಬ್ಬಳು. ಡೀನ್‌ನ ಪುಸ್ತಕ 1963ರಲ್ಲಿ ಬಂತು. ರೋಗಕ್ಕೆ ಕಾರಣವಾದ ಒಂದೇ ಜೀನ್ ದೋಷ ಬಹುಪಾಲು ಆಫ್ರಿಕಾನರ್ ರೋಗಿಗಳಲ್ಲಿ ಇದೆಯೆಂದು 1996ರಲ್ಲಿ ಪ್ರಯೋಗಾಲಯವೂ ಹೇಳಿತು. ಮದುವೆ ಪುಸ್ತಕ ಹಿಡಿದು ಮಾಡಿದ ಊಹೆಗೆ ಮೂವತ್ತಮೂರು ವರ್ಷಗಳ ನಂತರ ಬಿದ್ದ ಮೊಹರು ಇದು.

ಮುಂದೆ ಡಿಎನ್‌ಎ ಕಾಲ. ಪ್ರಿಟೋರಿಯಾ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಯಾಕೊ ಗ್ರೇಫ್ 2007ರಲ್ಲಿ ತನ್ನದೇ ವಂಶವನ್ನು ಬಿಡಿಸಿ ಹಾಕಿ ಲೆಕ್ಕ ಮಾಡಿದ. ತನ್ನಲ್ಲಿ ಯುರೋಪಿನದಲ್ಲದ ಪಾಲು ಸುಮಾರು ಶೇಕಡ 6 ಎಂದು ಬರೆದ. 2020ರಲ್ಲಿ 77 ಆಫ್ರಿಕಾನರರ ಜೀನೋಮ್ ಪರೀಕ್ಷಿಸಿದ ಅಧ್ಯಯನಕ್ಕೆ ಸಿಕ್ಕ ಸರಾಸರಿ ಶೇಕಡ 4.7. ಅದರಲ್ಲಿ ದಕ್ಷಿಣ ಏಷ್ಯಾದ್ದೂ, ಖೊಯಿ-ಸಾನ್ ಜನರದ್ದೂ ಇತ್ತು. ಹಳೆಯ ಹೇಸ ಚರ್ಚಿನ ಪುಸ್ತಕದಿಂದ ಎಣಿಸಿದ ಅಂಕಿಗೂ ಇವಕ್ಕೂ ಬಹಳ ದೂರವಿಲ್ಲ. ಗ್ರೇಫ್ ಮತ್ತೊಂದು ತುಂಟ ಪ್ರಶ್ನೆಯನ್ನೂ ಕೇಳಿದ. ಪುಸ್ತಕದಲ್ಲಿ ಬರೆದ ಅಪ್ಪನೇ ನಿಜವಾದ ಅಪ್ಪನೋ? ವೈ ವರ್ಣತಂತು ಹೋಲಿಸಿ ನೋಡಿದರೆ ಮುನ್ನೂರು ವರ್ಷಗಳಲ್ಲಿ ತಪ್ಪಿದ್ದು ತಲೆಮಾರಿಗೆ ಶೇಕಡ 1ಕ್ಕಿಂತ ಕಡಿಮೆ. ಗುಮಾಸ್ತರು ಸುಳ್ಳು ಬರೆದಿರಲಿಲ್ಲ. ಅವರು ಬರೆದದ್ದನ್ನು ಯಾರೂ ಪೂರ್ತಿ ಓದಿರಲಿಲ್ಲ, ಅಷ್ಟೆ.

ಈಗಿನ ಕೆಲಸದ ಗುರಿ ಬೇರೆ. ಸ್ಟೆಲೆನ್‌ಬೋಷ್‌ನ ಅರ್ಥಶಾಸ್ತ್ರಜ್ಞ ಯೋಹಾನ್ ಫೂರಿ ಮತ್ತವನ ಜೊತೆಯವರು ಕಂಪನಿಯ ತೆರಿಗೆ ಪಟ್ಟಿಗಳನ್ನು ವಂಶಾವಳಿಗೆ ಜೋಡಿಸಿ, ಯಾವ ಮನೆಯಲ್ಲಿ ಎಷ್ಟು ಕುರಿ, ಎಷ್ಟು ದ್ರಾಕ್ಷಿ ಬಳ್ಳಿ, ಎಷ್ಟು ಗುಲಾಮರು ಎಂದು ತಲೆಮಾರಿನಿಂದ ತಲೆಮಾರಿಗೆ ಹಿಂಬಾಲಿಸುತ್ತಿದ್ದಾರೆ. ಕೇಪ್‌ಟೌನ್‌ನ ದಫ್ತರಖಾನೆಯಲ್ಲಿರುವ, ಸತ್ತವರ ಆಸ್ತಿ ನೋಡಿಕೊಳ್ಳುತ್ತಿದ್ದ ಅನಾಥ ಮಂಡಳಿಯ ಕಡತಗಳು ಅಕ್ಷರಶಃ ನಕಲಾಗಿ ಕಂಪ್ಯೂಟರಿಗೆ ಬಂದಿವೆ. ಯಜಮಾನ ಸತ್ತ ಮನೆಯ ಕೋಣೆಕೋಣೆಗೂ ಹೋಗಿ ಗುಮಾಸ್ತ ಬರೆದ ಪಟ್ಟಿಗಳು ಅವು. ಮಂಚ, ಕುರ್ಚಿ, ತಾಮ್ರದ ಹಂಡೆ, ಎತ್ತಿನ ಗಾಡಿ, ಅವುಗಳ ನಡುವೆ ಜನ.

ರಾಬರ್ಟ್ ಶೆಲ್ ಮಾಡಿದ ಅಂದಾಜಿನಂತೆ 1652ರಿಂದ 1808ರವರೆಗೆ ಕೇಪ್‌ಗೆ ತಂದ ಗುಲಾಮರು ಸುಮಾರು 63,000. ಅವರಲ್ಲಿ ಕಾಲುಭಾಗ ಭಾರತ ಉಪಖಂಡದವರು. ಅವರ ಹೆಸರಿನ ಮುಂದಿನ ‘ಮಲಬಾರ್’, ‘ಕೋರಮಂಡಲ’ ಹುಟ್ಟಿದ ಊರೇ ಆಗಬೇಕೆಂದಿಲ್ಲ, ಮಾರಾಟವಾದ ಬಂದರಿನದೂ ಆಗಿರಬಹುದು. ನಿಜವಾದ ಹೆಸರನ್ನು ಒಡೆಯ ಕಿತ್ತುಹಾಕಿ ತಿಂಗಳ ಹೆಸರು ಇಟ್ಟದ್ದೂ ಉಂಟು. ಇಂದಿಗೂ ಕೇಪ್‌ಟೌನ್‌ನಲ್ಲಿ ಸೆಪ್ಟೆಂಬರ್, ಫೆಬ್ರವರಿ ಎಂಬ ಮನೆಹೆಸರಿನ ಕುಟುಂಬಗಳಿವೆ. ಅವರಲ್ಲಿ ಯಾರಾದರೂ ಬೇರು ಹುಡುಕಲು ಹೊರಟರೆ, 1834ರಲ್ಲಿ ಗುಲಾಮಗಿರಿ ರದ್ದಾಗುವುದಕ್ಕೂ ಹಿಂದಕ್ಕೆ ಹೋಗುತ್ತಿದ್ದಂತೆ ಅಪ್ಪನ ಹೆಸರು ಸಿಗದೆ ಸಾಲು ತುಂಡಾಗುತ್ತದೆ. ಆಗ ಉಳಿಯುವುದು ಒಂದೇ ದಾರಿ. ಗುಲಾಮರು ಆಸ್ತಿಯ ಜೊತೆ ತಂದೆಯಿಂದ ಮಗನಿಗೆ, ಅತ್ತೆಯಿಂದ ಅಳಿಯನಿಗೆ ಕೈಬದಲಾದವರು. ಅಜ್ಜಿ ಯಾವ ಮನೆಯಿಂದ ಯಾವ ಮನೆಗೆ ಹೋದಳೆಂದು ತಿಳಿಯಬೇಕಾದರೆ, ಅವಳನ್ನು ಕೊಂಡವನ ‘ಬಿ3ಸಿ2ಡಿ5’ ಇರುವ ಪುಟವನ್ನೇ ಅವಳ ಮರಿಮಗಳು ಮೊದಲು ತೆರೆಯಬೇಕು.