ಡಿಡಿಮಸನ ಮರದ ಅಕ್ಷರಗಳು

ಯಾಜಕಕಾಂಡದ 21ನೆಯ ಅಧ್ಯಾಯವನ್ನು ಓದುವಾಗ ನಾವು ಒಂದು ಅಂಶವನ್ನು ಸಾಮಾನ್ಯವಾಗಿ ದಾಟಿಹೋಗುತ್ತೇವೆ. ಆರೋನನ ಸಂತತಿಯ ಕುರುಡನಾಗಲಿ ಕುಂಟನಾಗಲಿ ಯಜ್ಞವೇದಿಯನ್ನು ಸಮೀಪಿಸಬಾರದೆಂಬ ವಿಧಿ ಎಲ್ಲರಿಗೂ ನೆನಪಿರುತ್ತದೆ. ಆದರೆ ಅಂಥವನು ಮಹಾಪರಿಶುದ್ಧವಾದ ಆಹಾರವನ್ನೂ ಊಟಮಾಡಬಹುದೆಂದು ಅದೇ ಅಧ್ಯಾಯ ಅನುಮತಿಸುತ್ತದೆ. ಊಟದಲ್ಲಿ ಪಾಲುಂಟು, ಸೇವೆಯಲ್ಲಿ ಸ್ಥಾನವಿಲ್ಲ. ಈ ವಿಂಗಡಣೆ ಕ್ರೈಸ್ತ ಸಭೆಯೊಳಗೆ ಹೇಗೆ ಮುಂದುವರಿಯಿತೆಂಬುದನ್ನು ಇಲ್ಲಿ ಪರಿಶೀಲಿಸೋಣ.

4ನೆಯ ಶತಮಾನದ ಕೊನೆಯ ಭಾಗದಲ್ಲಿ ಸಿರಿಯ ಪ್ರಾಂತದಲ್ಲಿ ಸಂಕಲಿತವಾದ ‘ಅಪೊಸ್ತಲರ ನಿಯಮಗಳು’ ಒಟ್ಟು 85. ಒಂದು ಕಣ್ಣು ಕಳೆದುಕೊಂಡವನಾಗಲಿ ಕಾಲು ಊನವಾದವನಾಗಲಿ ಯೋಗ್ಯನಾಗಿದ್ದರೆ ಬಿಷಪನಾಗಬಹುದೆಂದು 77ನೆಯ ನಿಯಮ ಹೇಳುತ್ತದೆ. ಮನುಷ್ಯನನ್ನು ಅಶುದ್ಧಗೊಳಿಸುವುದು ಆತ್ಮದ ಮಾಲಿನ್ಯವೇ ಹೊರತು ದೇಹದ ಊನವಲ್ಲವೆಂಬುದು ಅದು ಕೊಡುವ ಕಾರಣ. ಮರುನಿಯಮವೇ ಕಿವುಡನನ್ನೂ ಕುರುಡನನ್ನೂ ಹೊರಗಿಡುತ್ತದೆ. ಅವರು ಅಶುದ್ಧರೆಂದಲ್ಲ, ಸಭೆಯ ಕಾರ್ಯಕ್ಕೆ ಅಡ್ಡಿಯಾದೀತೆಂದು. ಹೀಗೆ ಅಶುದ್ಧಿಯ ಮಾತು ಹೋಗಿ ಅನನುಕೂಲದ ಮಾತು ಬಂದಿತು. ನಮ್ಮ ಅಭಿಪ್ರಾಯದಲ್ಲಿ ಈ ಎರಡನೆಯದೇ ಹೆಚ್ಚು ಕಾಲ ಬಾಳಿದೆ. ಅದು ಕಾಳಜಿಯ ರೂಪದಲ್ಲಿ ಬರುವುದರಿಂದ ಅದಕ್ಕೆ ಎದುರಾಡುವುದೂ ಕಷ್ಟ.

ಅದೇ ಶತಮಾನದಲ್ಲಿ ಅಲೆಕ್ಸಾಂದ್ರಿಯದಲ್ಲಿ ಡಿಡಿಮಸನೆಂಬ ಅಂಧ ವಿದ್ವಾಂಸನಿದ್ದನು. ಎಳೆಯ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡ ಅವನು ಮರದ ಹಲಗೆಯಲ್ಲಿ ಕೊರೆದ ಅಕ್ಷರಗಳನ್ನು ಬೆರಳಿನಿಂದ ತಡವಿ ಕಲಿತನೆಂದು ಇತಿಹಾಸಕಾರ ಸೊಜೊಮೆನನು ಬರೆದಿದ್ದಾನೆ. ಲೂಯಿ ಬ್ರೈಲನಿಗಿಂತ ಸುಮಾರು 1500 ವರ್ಷ ಹಿಂದಿನ ಮಾತಿದು. ಜೆರೋಮನೂ ರೂಫಿನನೂ ಅವನ ಶಿಷ್ಯರು. ಪವಿತ್ರಾತ್ಮನನ್ನು ಕುರಿತ ಅವನ ಗ್ರಂಥದ ಗ್ರೀಕ್ ಮೂಲ ಕಳೆದುಹೋಗಿ, ಜೆರೋಮನ ಲತೀನ್ ಅನುವಾದ ಉಳಿದಿದೆ. ಡಿಡಿಮಸನು ಕಡೆಯವರೆಗೂ ದೀಕ್ಷೆಯಿಲ್ಲದ ಸಾಮಾನ್ಯ ವಿಶ್ವಾಸಿಯಾಗಿಯೇ ಇದ್ದನು. ಬಿಷಪರಿಗೂ ಪಾಠ ಹೇಳಬಲ್ಲ ಇಂಥವನು 78ನೆಯ ನಿಯಮದಂತೆ ತಾನು ಬಿಷಪನಾಗಲಾರನು! ಕಾರ್ಯಕ್ಕೆ ಅಡ್ಡಿ ಎಲ್ಲಿತ್ತೆಂಬುದನ್ನು ಆ ಹಲಗೆಯೇ ತೋರಿಸುತ್ತದೆ. ಅಕ್ಷರ ಕೊರೆದ ಮೇಲೆ ಅವನಿಗೆ ಓದು ಸಾಧ್ಯವಾಯಿತು.

ನಡುವಿನ ಶತಮಾನಗಳನ್ನು ಬೇಗ ದಾಟಬಹುದು. 1642ರಲ್ಲಿ ಉತ್ತರ ಅಮೆರಿಕದಲ್ಲಿ ಸೆರೆಸಿಕ್ಕು ಬೆರಳುಗಳನ್ನು ಕಳೆದುಕೊಂಡ ಯೇಸುಸಭೆಯ ಐಸಾಕ್ ಜೋಗ್ ಮತ್ತೆ ಬಲಿಪೂಜೆ ಅರ್ಪಿಸಲು ಪೋಪ್ 8ನೆಯ ಅರ್ಬನನ ವಿಶೇಷ ಅನುಮತಿ ಬೇಕಾಯಿತು. ದೌರ್ಬಲ್ಯದಿಂದಾಗಿ ಸುರಕ್ಷಿತವಾಗಿ, ಅಥವಾ ವಿರೂಪದಿಂದಾಗಿ ಶೋಭಿಸುವಂತೆ ವೇದಿಯ ಸೇವೆ ಮಾಡಲಾಗದವರನ್ನು 1917ರ ಕ್ಯಾಥೊಲಿಕ್ ಧರ್ಮಸಭಾ ಸಂಹಿತೆ ತಡೆಯಿತು. ಶೋಭೆ ಯಾರ ಕಣ್ಣಿಗೆ? 1983ರ ಸಂಹಿತೆಯಲ್ಲಿ ದೈಹಿಕ ಊನದ ಈ ತಡೆ ಇಲ್ಲ.

ಬರೆದ ವಿಧಿಯಿಲ್ಲದ ಕಡೆ ಕಟ್ಟಡವೇ ವಿಧಿಯಾಗುತ್ತದೆ. ವಿಕಲಚೇತನರ ಹಕ್ಕುಗಳ ಕಾಯಿದೆ 2016ರಲ್ಲಿ ಬಂದಿತು. ನಮ್ಮ ಕೆಲವು ದೇವಾಲಯಗಳ ಬಾಗಿಲಿಗೆ ಇಳಿಜಾರು ಹಾದಿಯೂ ಬಂದಿದೆ. ಗಾಲಿಕುರ್ಚಿಯಲ್ಲಿ ಬಂದವರು ಒಳಗಿದ್ದು ಪ್ರಸಂಗ ಕೇಳಬಹುದು, ರೊಟ್ಟಿ ದ್ರಾಕ್ಷಾರಸಗಳು ಅವರಿದ್ದಲ್ಲಿಗೇ ಬರುತ್ತವೆ. ವೇದಿಗೂ ಪ್ರಸಂಗಪೀಠಕ್ಕೂ ಮಾತ್ರ ಮೆಟ್ಟಿಲುಗಳೇ. ಕಟ್ಟಿಸಿದವರು ಅವರನ್ನು ಕೇಳುಗರೆಂದು ಎಣಿಸಿದ್ದರು, ಪ್ರಸಂಗಿಗಳೆಂದು ಎಣಿಸಿರಲಿಲ್ಲ. ದೃಷ್ಟಿಯಿಲ್ಲದ ಅಭ್ಯರ್ಥಿಯೊಬ್ಬರು ದೇವಶಾಸ್ತ್ರ ಶಾಲೆಯ ಬಾಗಿಲಿಗೆ ಬಂದಾಗಲೂ, ಮುಂದೆ ಸಭೆಯ ಕಾರ್ಯ ಹೇಗೆ ನಡೆದೀತೆಂದೇ ನಾವು ಮೊದಲು ಕೇಳಿಕೊಳ್ಳುತ್ತೇವೆ. ಗ್ರೀಕ್ ಪಾಠವನ್ನು ಬ್ರೈಲ್ ಲಿಪಿಯಲ್ಲಿ ಯಾರು ಸಿದ್ಧಪಡಿಸುವರೆಂಬ ಪ್ರಶ್ನೆ ಬಂದರೆ ಆಮೇಲೆ ಬರುತ್ತದೆ.