ಗಾಳಿಗೊಂದು ದಾರಿ, ನೀರಿಗೊಂದು ದಾರಿ: ಮನೆಯ ಅಕ್ವೇರಿಯಂ ಕೋಡಿಯ ಚರಿತ್ರೆ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ಹೆಚ್ಚಾದ ನೀರು ಹೊರಹೋಗುವ ಏರ್ಪಾಟನ್ನು ಓವರ್‌ಫ್ಲೋ ಎನ್ನುತ್ತಾರೆ. ಕನ್ನಡಕ್ಕೆ ಈ ಕಲ್ಪನೆ ಹೊಸದಲ್ಲ. ಕೆರೆ ಕಟ್ಟಿದವರು ಅದನ್ನು ಕೋಡಿ ಎಂದು ಕರೆದರು. ಬೇಕಾದಷ್ಟು ನೀರನ್ನು ಅಳೆದು ಬಿಡುವುದು ತೂಬಿನ ಕೆಲಸ, ಮಿತಿ ಮೀರಿದ್ದನ್ನು ಏರಿ ಒಡೆಯದಂತೆ ಹೊರಹಾಕುವುದು ಕೋಡಿಯ ಕೆಲಸ. ಎರಡನ್ನೂ ಒಂದೇ ಕಂಡಿಗೆ ಒಪ್ಪಿಸುವ ರೂಢಿ ಕೆರೆಗಳಲ್ಲಿ ಇಲ್ಲ. ಮನೆಯ ಅಕ್ವೇರಿಯಂನಲ್ಲಿ ಮಾತ್ರ ಈ ಎರಡು ಕೆಲಸಗಳು, ಜೊತೆಗೆ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುವ ಮೂರನೆಯ ಕೆಲಸವೂ, ಬಹುಕಾಲ ಒಂದೇ ಪೈಪಿನ ಹೆಗಲೇರಿದ್ದವು. ಅದರ ಫಲವೇ ಹಗಲಿರುಳೂ ಕೇಳುವ ಗೊಳಗೊಳ ಸದ್ದು. ಈ ಸದ್ದನ್ನು ಅಡಗಿಸಿದ ಕತೆಯನ್ನು ಸಾಮಾನ್ಯವಾಗಿ ಒಂದಕ್ಕಿಂತ ಒಂದು ಜಾಣತನದ ಶಬ್ದನಿರೋಧಕಗಳು ಬಂದ ಕತೆಯಾಗಿ ಹೇಳಲಾಗುತ್ತದೆ. ನನ್ನ ವಾದ ಬೇರೆ. ಸದ್ದು ಅಡಗಿದ್ದು ಅದನ್ನು ಮುಚ್ಚಿಹಾಕಿದ್ದರಿಂದಲ್ಲ, ಒಂದೇ ಪೈಪಿನ ಮೇಲಿದ್ದ ಹೊರೆಯನ್ನು ಬೇರೆಬೇರೆ ಪೈಪುಗಳಿಗೆ ಹಂಚಿದ್ದರಿಂದ. ಸೋರದೆ, ತುಂಬಿ ಚೆಲ್ಲದೆ ನಡೆಯುವ ಭರವಸೆ ಬಂದದ್ದೂ ಅದೇ ಹಂಚಿಕೆಯಿಂದ.

ಹತ್ತೊಂಬತ್ತನೆಯ ಶತಮಾನದ ಮೊದಲ ಅಕ್ವೇರಿಯಂಗಳಿಗೆ ಕೋಡಿಯೇ ಬೇಕಿರಲಿಲ್ಲ. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಲಂಡನ್ನಿನ ಕೆಮಿಕಲ್ ಸೊಸೈಟಿಗೆ ತಿಳಿಸಿದ ಪ್ರಯೋಗದ ತಿರುಳೆಂದರೆ, ಮೀನು, ಬಸವನಹುಳು, ನೀರುಗಿಡ ಮೂರೂ ಹದವಾಗಿ ಸೇರಿದರೆ ನೀರನ್ನು ಬದಲಿಸದೆಯೇ ತೊಟ್ಟಿ ಬದುಕಬಲ್ಲದು ಎಂಬುದು. 1853ರಲ್ಲಿ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ತೆರೆದ ಮೀನುಮನೆಯೂ, ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಪುಸ್ತಕವೂ ಈ ನಂಬಿಕೆಯನ್ನು ಮನೆಮನೆಗೆ ಮುಟ್ಟಿಸಿದವು. ನಿಂತ ನೀರಿನ ಈ ಆದರ್ಶವನ್ನು ಅಲುಗಿಸಿದವನು ವಿಲಿಯಂ ಆಲ್ಫರ್ಡ್ ಲಾಯ್ಡ್. ಪ್ಯಾರಿಸ್, ಹ್ಯಾಂಬರ್ಗ್, ಬಳಿಕ 1871ರಲ್ಲಿ ತೆರೆದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅಕ್ವೇರಿಯಂಗಳಲ್ಲಿ ಅವನು ನೆಲದಡಿಯ ಕತ್ತಲ ಕೋಣೆಯಲ್ಲಿ ದೊಡ್ಡ ನೀರಿನ ಸಂಗ್ರಹವಿಟ್ಟು, ಪಂಪಿನಿಂದ ಮೇಲೆತ್ತಿ, ತೊಟ್ಟಿಗಳಿಂದ ಉಕ್ಕಿದ ನೀರು ತಾನಾಗಿಯೇ ಮತ್ತೆ ಕೆಳಗಿಳಿಯುವಂತೆ ಮಾಡಿದ. ಆಂಟನ್ ಡೋರ್ನ್ ನೇಪಲ್ಸಿನಲ್ಲಿ ಸ್ಥಾಪಿಸಿ 1874ರಲ್ಲಿ ಜನರಿಗೆ ತೆರೆದ ಅಕ್ವೇರಿಯಂಗೂ ಅವನ ಸಲಹೆ ಇತ್ತು. ನಮ್ಮ ಮನೆಗಳಲ್ಲಿ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವುದನ್ನು ಕಂಡವರಿಗೆ ಲಾಯ್ಡನ ವ್ಯವಸ್ಥೆ ಸುಲಭವಾಗಿ ಅರ್ಥವಾಗುತ್ತದೆ. ವ್ಯತ್ಯಾಸವಿಷ್ಟೇ: ನಮ್ಮ ಟ್ಯಾಂಕಿನಲ್ಲಿ ಕೋಡಿ ಬೀಳುವುದು ಮೋಟಾರ್ ಆಫ್ ಮಾಡಲು ಮರೆತಾಗ, ಲಾಯ್ಡನ ತೊಟ್ಟಿಗಳಲ್ಲಿ ಕೋಡಿ ಸದಾ ಹರಿಯುತ್ತಿರಬೇಕು. ಅಕ್ವೇರಿಯಂ ಕೋಡಿಯ ಹುಟ್ಟು ಇಲ್ಲಿದೆ. ಆದರೆ ಅದು ಸಾರ್ವಜನಿಕ ಕಟ್ಟಡದ ನೆಲಮಾಳಿಗೆಯಲ್ಲಿ ಹುಟ್ಟಿದ್ದರಿಂದ ಅದರ ಸದ್ದು ಯಾರ ನಿದ್ದೆಯನ್ನೂ ಕೆಡಿಸಲಿಲ್ಲ.

ಲಾಯ್ಡನ ಸಂಪು ಮನೆಯ ಹಜಾರಕ್ಕೆ ಬರಲು ನೂರು ವರ್ಷಗಳಿಗೂ ಹೆಚ್ಚು ಬೇಕಾಯಿತು. ನಡುವಿನ ಕಾಲದಲ್ಲಿ ಜಲ್ಲಿಯಡಿಯ ಫಿಲ್ಟರು, ಗಾಜಿನಂಚಿಗೆ ತೂಗುಹಾಕುವ ಫಿಲ್ಟರು ಸಾಕಾಗಿದ್ದವು. 1986ರಲ್ಲಿ ಅಮೆರಿಕದ ‘ಫ್ರೆಶ್‌ವಾಟರ್ ಅಂಡ್ ಮರೀನ್ ಅಕ್ವೇರಿಯಂ’ ಪತ್ರಿಕೆಯಲ್ಲಿ ಜಾರ್ಜ್ ಸ್ಮಿಟ್ ಬರೆದ ಲೇಖನಮಾಲೆ, ಹವಳದ ದಿಬ್ಬದ ಒಂದು ತುಣುಕನ್ನೇ ಮನೆಯಲ್ಲಿ ಬೆಳೆಸಬಹುದೆಂಬ ಆಸೆ ಹುಟ್ಟಿಸಿತು. ಅದಕ್ಕೆ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿ, ಅಂದರೆ ಸಂಪು ಬೇಕಾಯಿತು. ಸಂಪಿಗೆ ನೀರು ಮೇಲ್ಮೈಯಿಂದಲೇ ಇಳಿದುಬರಬೇಕು ಎಂಬುದಕ್ಕೆ ಗಟ್ಟಿ ಕಾರಣವಿದೆ: ಎಣ್ಣೆಯಂಥ ಸಾವಯವ ಪೊರೆ ನೀರಿನ ಮೇಲೆಯೇ ಕಟ್ಟುತ್ತದೆ, ಗಾಳಿಯ ವಿನಿಮಯಕ್ಕೂ ಬೆಳಕಿಗೂ ಅಡ್ಡವಾಗುತ್ತದೆ. ಹರಿವಂಚು ಉದ್ದವಾದಷ್ಟೂ ಅದರ ಮೇಲೆ ಹೊರಳುವ ನೀರಿನ ಪದರ ತೆಳುವಾಗುತ್ತದೆ. ಗಂಟೆಗೆ 2,400 ಲೀಟರ್ ಹರಿವಿದ್ದರೆ, ಹರಿವಂಚಿನ ಸಾಮಾನ್ಯ ಸೂತ್ರದಂತೆ 20 ಸೆಂಟಿಮೀಟರ್ ಅಂಚಿನ ಮೇಲೆ ಪದರ ಸುಮಾರು 15 ಮಿಲಿಮೀಟರ್ ದಪ್ಪವಿರುತ್ತದೆ, 120 ಸೆಂಟಿಮೀಟರ್ ಅಂಚಿನ ಮೇಲೆ 5 ಮಿಲಿಮೀಟರಿಗೂ ಕಡಿಮೆ. ತೆಳುಪದರ ಕೊಳೆಯನ್ನು ಚೆನ್ನಾಗಿ ಕೆನೆ ತೆಗೆದಂತೆ ಸೆಳೆಯುತ್ತದೆ. ಹೀಗೆ ಅಂಚಿನ ಸಮಸ್ಯೆಗೆ ಉತ್ತರ ಸಿಕ್ಕಿತು. ಅಂಚು ದಾಟಿದ ನೀರು ಕೆಳಗಿಳಿಯುವ ಪೈಪಿನ ಸಮಸ್ಯೆ ಉಳಿಯಿತು.

ನೆಟ್ಟಗೆ ನಿಂತ ಪೈಪಿನೊಳಗೆ ನೀರು ಹೇಗೆ ಬೀಳುತ್ತದೆ ಎಂಬುದನ್ನು ಅಕ್ವೇರಿಯಂನವರಿಗಿಂತ ಬಹಳ ಮೊದಲೇ ಕಟ್ಟಡದ ಕೊಳಾಯಿಶಾಸ್ತ್ರ ಅಭ್ಯಸಿಸಿತ್ತು. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯಲ್ಲಿ ರಾಯ್ ಹಂಟರ್ 1920ರ ದಶಕದಿಂದ ನಡೆಸಿದ ಅಧ್ಯಯನಗಳು ಇದಕ್ಕೆ ಬುನಾದಿ. ಹರಿವು ಕಡಿಮೆಯಿದ್ದಾಗ ನೀರು ಪೈಪಿನ ಒಳಗೋಡೆಗೆ ಅಂಟಿಕೊಂಡು ಇಳಿಯುತ್ತದೆ, ನಡುವೆ ಗಾಳಿಯ ಕಂಬ ನಿಲ್ಲುತ್ತದೆ. ಅಡ್ಡಕೊಯ್ತದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟನ್ನು ನೀರು ಆವರಿಸುವವರೆಗೆ ಈ ಹೊಂದಾಣಿಕೆ ಉಳಿಯುತ್ತದೆ. ಅದನ್ನು ಮೀರಿದರೆ ಗೋಡೆಯ ನೀರು ಅಲ್ಲಲ್ಲಿ ಕೂಡಿಕೊಂಡು ಬಿರಡೆ ಕಟ್ಟುತ್ತದೆ. ಬಿರಡೆ ಕೆಳಗಿನ ಗಾಳಿಯನ್ನು ಒತ್ತುತ್ತದೆ, ಮೇಲಿನ ಗಾಳಿಯನ್ನು ಎಳೆಯುತ್ತದೆ, ಒಡೆಯುತ್ತದೆ, ಮತ್ತೆ ಕಟ್ಟುತ್ತದೆ. ಕಿವಿಗೆ ಕೇಳುವ ಗುಟುಕು, ಗೊರಕೆ, ಸುರುಸುರು ಎಲ್ಲವೂ ಈ ಕಟ್ಟಿ ಒಡೆಯುವ ಆಟದ ಬೇರೆಬೇರೆ ವೇಗಗಳು. ಅಂದರೆ ಸದ್ದು ನೀರಿನದೂ ಅಲ್ಲ, ಗಾಳಿಯದೂ ಅಲ್ಲ; ಒಂದೇ ದಾರಿಗಾಗಿ ಅವೆರಡೂ ನಡೆಸುವ ತಳ್ಳಾಟದ್ದು. ಪೈಪಿನಲ್ಲಿ ಗಾಳಿಯೇ ಇಲ್ಲದಿದ್ದರೆ ಏನಾಗುತ್ತದೆ ನೋಡಿ. ತೊಟ್ಟಿಯ ಮಟ್ಟಕ್ಕೂ ಸಂಪಿನ ಮಟ್ಟಕ್ಕೂ 70 ಸೆಂಟಿಮೀಟರ್ ಅಂತರವಿದ್ದರೆ, ಎಲ್ಬೋ, ವಾಲ್ವ್, ಉಜ್ಜಾಟಗಳ ನಷ್ಟವನ್ನು ಕಳೆದರೂ 25 ಮಿಲಿಮೀಟರ್ ಒಳವ್ಯಾಸದ ಪೈಪು ಗಂಟೆಗೆ ಸುಮಾರು 3,000 ಲೀಟರ್ ಸಾಗಿಸುತ್ತದೆ, ಅದೂ ಬಹುಪಾಲು ನಿಶ್ಶಬ್ದವಾಗಿ. ಗಾಳಿ ಬೆರೆತ ಅದೇ ಪೈಪು ಇದರ ಒಂದು ಪಾಲನ್ನು ಸಾಗಿಸುವಷ್ಟರಲ್ಲೇ ಗೊಣಗತೊಡಗುತ್ತದೆ.

1990ರ ದಶಕದ ಕೊನೆಯಲ್ಲಿ ಹವ್ಯಾಸಿಗಳ ನಡುವೆ ಹಬ್ಬಿದ ಡರ್ಸೊ ಪೈಪು ಈ ತಳ್ಳಾಟವನ್ನು ನಿಲ್ಲಿಸಲಿಲ್ಲ, ಸಂಧಾನ ಮಾಡಿಸಿತು. ನೆಟ್ಟಗಿನ ಪೈಪಿನ ನೆತ್ತಿಗೆ ಒಂದು ಟೀ, ಅದರ ಪಕ್ಕದ ಬಾಯಿಗೆ ಕೆಳಮುಖವಾದ ಎಲ್ಬೋ, ಮೇಲಿನ ಬಾಯಿಗೆ ಎಂಡ್ ಕ್ಯಾಪ್, ಕ್ಯಾಪಿನಲ್ಲಿ ಸೂಜಿಗಿಂತ ತುಸು ದೊಡ್ಡ ತೂತು: ಇಷ್ಟೇ ಅದರ ಸಾಮಗ್ರಿ. ಎಲ್ಬೋ ನೀರನ್ನು ಮೇಲ್ಮೈಯ ಕೆಳಗಿನಿಂದ ಎಳೆಯುವುದರಿಂದ ಸುಳಿ ಏಳುವುದಿಲ್ಲ. ತೂತು ಬೇಕಾದಷ್ಟೇ ಗಾಳಿಯನ್ನು ಒಳಬಿಡುತ್ತದೆ. ಈ ಅಗ್ಗದ ಜೋಡಣೆ ಎಷ್ಟೋ ಮನೆಗಳಲ್ಲಿ ನೆಮ್ಮದಿ ತಂದಿದೆ, ಅದನ್ನು ಕಡೆಗಣಿಸುವುದು ಸರಿಯಲ್ಲ. ಆದರೂ ಗಾಳಿ ನೀರುಗಳೆರಡೂ ಅದರಲ್ಲಿ ಒಂದೇ ಪೈಪಿನಲ್ಲಿ ಸಾಗುತ್ತವೆ. ಹರಿವು ಹೆಚ್ಚಿದರೆ ತೂತಿನ ಅಳತೆ ತಪ್ಪುತ್ತದೆ. ಉಪ್ಪು ಕಟ್ಟಿ ತೂತು ಮುಚ್ಚಿದರೆ ಪೈಪು ತುಂಬಿ, ಗಾಳಿಯಿಲ್ಲದೆ ಹರಿಯುವ ಸೈಫನ್ ಆಗಿ, ಅಂಚು ದಾಟಿದ ನೀರು ಸೇರುವ ಪೆಟ್ಟಿಗೆಯನ್ನು ಬರಿದುಮಾಡಿ, ಗಾಳಿ ನುಂಗಿ, ಮತ್ತೆ ತುಂಬುವ ಚಕ್ರಕ್ಕೆ ಬೀಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಆ ಒಂದು ಪೈಪಿಗೆ ಎಲೆಯೋ ಹುಳುವೋ ಸಿಕ್ಕಿಕೊಂಡರೆ ನೀರಿಗೆ ಬೇರೆ ದಾರಿಯಿಲ್ಲ, ನೆಲವೇ ಗತಿ.

ಸೈಫನ್ನಿನ ಈ ತುಂಬಿ ಮುರಿಯುವ ಚಕ್ರ ಅಣೆಕಟ್ಟೆಯ ಎಂಜಿನಿಯರುಗಳಿಗೆ ಹಳೆಯ ಪರಿಚಯ. ಇಲ್ಲಿ ಕರ್ನಾಟಕದ ಒಂದು ಅಧ್ಯಾಯ ನಿಜವಾಗಿಯೂ ಪ್ರಸ್ತುತ. ಮೈಸೂರು ಸಂಸ್ಥಾನದ ಎಂಜಿನಿಯರ್ ವಿ. ಗಣೇಶ ಅಯ್ಯರ್ ರೂಪಿಸಿದ ವಾಲ್ಯೂಟ್ ಸೈಫನ್ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲೂ ಶರಾವತಿಯ ಹಿರೇಭಾಸ್ಕರ ಅಣೆಕಟ್ಟೆಯಲ್ಲೂ ಕೋಡಿಯಾಗಿ ನಿಂತಿತು. ನೆಟ್ಟಗಿನ ದೊಡ್ಡ ಕೊಳವೆ, ಅದರ ಬಾಯಲ್ಲಿ ಆಲಿಕೆ, ಮೇಲೊಂದು ಗುಮ್ಮಟ. ಆಲಿಕೆಯ ಮೇಲಿನ ಬಾಗಿದ ಪಟ್ಟಿಗಳು ಉಕ್ಕಿಬಂದ ನೀರನ್ನು ಸುರುಳಿ ಸುತ್ತಿಸುತ್ತವೆ. ಆ ಸುಳಿ ಗುಮ್ಮಟದೊಳಗಿನ ಗಾಳಿಯನ್ನು ಸೆಳೆದೊಯ್ದು ಕೊಳವೆಯನ್ನು ತಾನಾಗಿಯೇ ಸೈಫನ್ ಆಗಿಸುತ್ತದೆ. ಗೇಟು ಎತ್ತುವ ಆಳು ಬೇಡ, ಮಳೆಗಾಲದ ಮಧ್ಯರಾತ್ರಿಯಲ್ಲೂ ಕೋಡಿ ತನ್ನ ಕೆಲಸ ತಾನೇ ಮಾಡುತ್ತದೆ. ಹಿರೇಭಾಸ್ಕರದಲ್ಲಿ ಇಂಥ 11 ಸೈಫನ್‌ಗಳಿವೆ. 1964ರ ಲಿಂಗನಮಕ್ಕಿ ಜಲಾಶಯ ಆ ಅಣೆಕಟ್ಟೆಯನ್ನು ಮುಳುಗಿಸಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಸೈಫನ್ ಗುಮ್ಮಟಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಸೈಫನ್ನಿನ ಹಟ: ಅದು ಹರಿದರೆ ಪೂರ್ತಿ ಹರಿಯುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ, ಅರೆಬರೆಯಲ್ಲಿ ನೆಮ್ಮದಿಯಾಗಿ ಇರಲಾರದು. ಒಳಹರಿವು ಅದರ ಸಾಮರ್ಥ್ಯಕ್ಕಿಂತ ಕಡಿಮೆಯಾದೊಡನೆ ತುಂಬುವುದು, ಮುರಿಯುವುದು ಸುರುವಾಗುತ್ತದೆ. ಅದಕ್ಕೆಂದೇ ಅಣೆಕಟ್ಟೆಗಳಲ್ಲಿ ಹಲವು ಸೈಫನ್‌ಗಳನ್ನು ತುಸು ಹೆಚ್ಚುಕಡಿಮೆ ಮಟ್ಟಗಳಲ್ಲಿಟ್ಟು, ಒಂದಾದಮೇಲೊಂದು ಎಚ್ಚರಗೊಳ್ಳುವಂತೆ ಮಾಡುವ ಪದ್ಧತಿಯಿದೆ. ಇಲ್ಲಿಂದ ಅಕ್ವೇರಿಯಂನವರು ಕಲಿತರೆಂದು ನಾನು ಹೇಳುತ್ತಿಲ್ಲ. ಒಂದೇ ತೊಡಕು ಎರಡು ಅಳತೆಗಳಲ್ಲಿ ಎದುರಾದಾಗ ಪರಿಹಾರವೂ ಒಂದೇ ದಿಕ್ಕಿಗೆ ಹೊರಳಿತು ಎಂಬುದಷ್ಟೇ ನನ್ನ ಮಾತು.

2000ದ ನಂತರದ ದಶಕದಲ್ಲಿ ಹರ್ಬಿ ಎಂಬ ಹೆಸರಿನಿಂದ ಬಳಕೆಗೆ ಬಂದ ಜೋಡಣೆ ಆ ಹೊರಳುವಿಕೆಯ ಮೊದಲ ಹೆಜ್ಜೆ. ಅದರಲ್ಲಿ ಪೈಪುಗಳು ಎರಡು. ಮೊದಲನೆಯದರ ಬಾಯಿ ನೀರಿನಲ್ಲಿ ಮುಳುಗಿಯೇ ಇರುತ್ತದೆ, ಕೆಳಗೊಂದು ಗೇಟ್ ವಾಲ್ವ್. ಎರಡನೆಯದು ಎತ್ತರದಲ್ಲಿ ಒಣಗಿ ನಿಂತಿರುತ್ತದೆ. ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಸೈಫನ್ನಿನ ಹರಿವನ್ನು ಪಂಪಿನ ಹರಿವಿಗೆ ಸರಿಹೊಂದಿಸಬೇಕು. ತೂಬು ಮತ್ತು ಕೋಡಿ ಇಲ್ಲಿ ಬೇರೆಯಾದವು. ಆದರೆ ಎರಡು ಹರಿವುಗಳನ್ನು ಕೈಯಿಂದ ತಾಳೆ ಹಾಕಿ ಹಾಗೆಯೇ ಉಳಿಸುವುದು ಆಗದ ಮಾತು. ಪಂಪಿನಲ್ಲಿ ಕೊಳೆ ಕೂತರೆ, ಕರೆಂಟಿನ ಒತ್ತಡ ಏರಿಳಿದರೆ ಮಟ್ಟ ಜಾರುತ್ತದೆ. ಬೀನ್‌ಅನಿಮಲ್ ಎಂದು ಹೆಸರಾದ ಮೂರು ಪೈಪಿನ ಜೋಡಣೆ ಈ ಬಿರುಕನ್ನು ಮುಚ್ಚಿತು. ಸೈಫನ್ನನ್ನು ಪಂಪಿಗಿಂತ ತುಸು ಕಡಿಮೆಗೆ ಹಿಡಿದು, ಮಿಕ್ಕ ತೆಳು ಹರಿವನ್ನು ಗಾಳಿಯಾಡುವ ಎರಡನೆಯ ಪೈಪಿಗೆ ಬಿಡುತ್ತಾರೆ. ಅದು ಗೋಡೆಗಂಟಿ ಇಳಿಯುವಷ್ಟೇ ನೀರಾದ್ದರಿಂದ ಸದ್ದಿಲ್ಲ; ಪಂಪಿನ ಏರಿಳಿತವನ್ನೆಲ್ಲ ಅದೇ ಹೀರಿಕೊಳ್ಳುತ್ತದೆ. ಆ ಪೈಪಿನ ನೆತ್ತಿಯಿಂದ ಹೊರಟ ಸಣ್ಣ ಗಾಳಿನಳಿಕೆಯನ್ನು ಹತ್ತಿರದಿಂದ ನೋಡಬೇಕು. ಅದರ ತುದಿ ಎಂದಿನ ನೀರಿನ ಮಟ್ಟಕ್ಕಿಂತ ಬೆರಳಗಲ ಮೇಲಿರುತ್ತದೆ. ಮೊದಲ ಪೈಪು ಕಟ್ಟಿಕೊಂಡು ಮಟ್ಟ ಏರಿದರೆ ನೀರು ಆ ತುದಿಯನ್ನು ಮುಚ್ಚುತ್ತದೆ, ಗಾಳಿ ನಿಲ್ಲುತ್ತದೆ, ಎರಡನೆಯ ಪೈಪು ತಾನೇ ಸೈಫನ್ ಆಗಿ ಪೂರ್ತಿ ಹೊರೆಯನ್ನು ಹೊರುತ್ತದೆ. ಗಾಳಿಯನ್ನು ಯಾವಾಗ ತಡೆಯಬೇಕೆಂಬ ತೀರ್ಮಾನ ಇಲ್ಲಿ ನೀರಿನ ಮಟ್ಟದ್ದೇ. ಸಂಪಿನ ತುದಿಯಲ್ಲೂ ಒಂದು ಸೂಕ್ಷ್ಮವಿದೆ: ಸೈಫನ್ ಪೈಪಿನ ಬಾಯಿ ನೀರಿನೊಳಗೆ ಎರಡು ಮೂರು ಸೆಂಟಿಮೀಟರ್ ಮಾತ್ರ ಇಳಿದಿರಬೇಕು. ಹೆಚ್ಚು ಆಳಕ್ಕೆ ಇಳಿಸಿದರೆ, ಕರೆಂಟು ಹೋಗಿ ಬಂದಾಗ ಪೈಪಿನಲ್ಲಿ ಸೇರಿದ ಗಾಳಿಯನ್ನು ಹೊರದಬ್ಬಲು ನೀರಿಗೆ ಬಲ ಸಾಲದೆ ಸೈಫನ್ ಹಿಡಿಯುವುದೇ ಇಲ್ಲ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದು ಕೊಳಾಯಿಶಾಸ್ತ್ರದ ಕಡೆಯಿಂದಲೇ ಬರಬಹುದು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಪೇಟೆಂಟ್ ಪಡೆದ ಬಾಗುಕೊಳವೆಯ ನೀರಿನ ಬೀಗ ಶೌಚಾಲಯದ ದುರ್ಗಂಧವನ್ನು ತಡೆಯಿತು. ಆದರೆ ಪೈಪು ತುಂಬಿ ಹರಿದಾಗ ಸೈಫನ್ ಸೆಳೆತ ಆ ಬೀಗದ ನೀರನ್ನೇ ಹೀರಿಬಿಡುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಾಳಿಪೈಪುಗಳು ರೂಢಿಗೆ ಬಂದದ್ದು ಸೈಫನ್ನನ್ನು ಕೊಲ್ಲುವುದಕ್ಕೆ. ಮನೆಯ ಕೊಳಾಯಿ ಓಡಿಸಿದ್ದನ್ನೇ ಅಕ್ವೇರಿಯಂ ಕರೆದು ಕೂರಿಸಿತಲ್ಲ, ಇವೆರಡನ್ನೂ ಒಂದೇ ಚರಿತ್ರೆಯಲ್ಲಿ ಸೇರಿಸುವುದು ಹೇಗೆ? ಗುರಿಗಳು ಎದುರುಬದುರಾಗಿದ್ದರೂ ನಿಯಮ ಒಂದೇ ಎಂಬುದು ನನ್ನ ಉತ್ತರ. ತಾರಸಿಯ ಮೇಲೆ ಟೋಪಿ ಹಾಕಿಕೊಂಡು ನಿಂತ ವೆಂಟ್ ಪೈಪು ಗಾಳಿಗೆ ತನ್ನದೇ ದಾರಿ ಕೊಟ್ಟು ನೀರನ್ನು ಹಗುರಗೊಳಿಸುತ್ತದೆ. ಅಕ್ವೇರಿಯಂನ ಮೊದಲ ಪೈಪು ಗಾಳಿಯನ್ನು ಪೂರ್ತಿ ಹೊರಗಿಟ್ಟು, ಎರಡನೆಯದಕ್ಕೆ ಅದನ್ನು ಬಿಟ್ಟುಕೊಡುತ್ತದೆ. ಅಳತೆ ತಪ್ಪಿ ಬೆರೆಯಲು ಎರಡೂ ಬಿಡುವುದಿಲ್ಲ.

ಮೂರು ಪೈಪು ಎಂದರೆ ಗಾಜಿಗೆ ಮೂರು ತೂತು, ಸೋರಿಕೆಗೆ ಮೂರು ಅವಕಾಶ ಎಂಬ ಇನ್ನೊಂದು ಆಕ್ಷೇಪ ಕೈಕೆಲಸ ಬಲ್ಲವರದು. ಅದರಲ್ಲಿ ಹುರುಳಿದೆ, ಟಫನ್ಡ್ ಗಾಜಿಗಂತೂ ತೂತು ಕೊರೆಯಲಾಗದು, ಕೊರೆಯಹೋದರೆ ಹಲಗೆ ಪೂರ್ತಿ ಪುಡಿಯಾಗುತ್ತದೆ. ಆದರೆ ತೂತುಗಳನ್ನು ಹಿಂಬದಿಯ ಗಾಜಿನ ಮೇಲಂಚಿನ ಹತ್ತಿರ ಕೊರೆದರೆ, ರಬ್ಬರ್ ವಾಷರ್ ಸವೆದಾಗ ಹನಿಯುವುದು ಆ ಮಟ್ಟಕ್ಕಿಂತ ಮೇಲಿನ ನೀರು ಮಾತ್ರ. ಒಂದೇ ಪೈಪು ಕಟ್ಟಿಕೊಂಡಾಗ ಹಾಗಲ್ಲ, ಪಂಪು ಸಂಪಿನ ನೀರನ್ನೆಲ್ಲ ಮೇಲೆತ್ತಿ ನೆಲಕ್ಕೆ ಸುರಿಯುತ್ತದೆ. ವೇಗ ಬದಲಿಸಬಹುದಾದ ಡಿಸಿ ಪಂಪು ಬಂದಮೇಲೆ ಇಷ್ಟೆಲ್ಲ ಏಕೆ ಎನ್ನುವವರೂ ಇದ್ದಾರೆ. ಪಂಪಿನ ವೇಗವನ್ನು ನಾವು ನಿಯಂತ್ರಿಸಬಹುದು. ಪೈಪಿನ ಬಾಯಿಗೆ ಬಂದು ಕೂರುವ ಪಾಚಿಯನ್ನು ನಿಯಂತ್ರಿಸಲಾರೆವು. ಮೂರನೆಯ ಪೈಪು ಇರುವುದು ಅದಕ್ಕೇ. ಅದಕ್ಕೆ ವಾಲ್ವ್ ಇಲ್ಲ, ಅದನ್ನು ಸದ್ದಿಲ್ಲದಂತೆ ಮಾಡುವ ಯಾವ ಪ್ರಯತ್ನವೂ ಇಲ್ಲ. ವರ್ಷಗಟ್ಟಲೆ ಒಣಗಿದ್ದು, ನೀರು ಬಿದ್ದ ದಿನ ಅದು ಪಕ್ಕದ ಕೋಣೆಗೂ ಕೇಳುವಂತೆ ಗೊರಗುಟ್ಟುತ್ತದೆ. ಆಗ ಪಂಪು ನಿಲ್ಲಿಸಿ, ಮೊದಲ ಪೈಪಿನ ವಾಲ್ವ್ ಪೂರ್ತಿ ತೆರೆದು, ಬಾಯಿಯಲ್ಲಿ ಕೈಯಾಡಿಸಿದರೆ ಒಂದು ಬಸವನಹುಳುವೋ ಒಂದು ಹಿಡಿ ಪಾಚಿಯೋ ಸಿಗುತ್ತದೆ.