ಅಕ್ಷರವಿಲ್ಲದ ಕಲ್ಲು ಹೇಳುವ ಕಥೆ: ವೀರಗಲ್ಲು, ಮಾಸ್ತಿಕಲ್ಲುಗಳ ಸಂಕೇತ ಭಾಷೆ

ದಾವಣಗೆರೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಊರ ಬಾಗಿಲ ಬಳಿಯೋ, ಕೆರೆ ಏರಿಯ ಮೇಲೋ, ಆಂಜನೇಯನ ಗುಡಿಯ ಮಗ್ಗುಲಲ್ಲೋ ಅರ್ಧ ಮಣ್ಣಿನಲ್ಲಿ ಹೂತ ಕೆತ್ತನೆಯ ಕಲ್ಲು ಕಣ್ಣಿಗೆ ಬೀಳುವುದು ಅಪರೂಪವೇನಲ್ಲ. ಕೆಲವಕ್ಕೆ ಎಣ್ಣೆ, ಅರಿಶಿನ, ಕುಂಕುಮದ ಪೂಜೆ ಸಲ್ಲುತ್ತದೆ. ಕೆಲವು ಬಟ್ಟೆ ಒಗೆಯುವ ಚಪ್ಪಡಿಗಳಾಗಿವೆ. ಇವುಗಳಲ್ಲಿ ಬಹುಪಾಲು ಕಲ್ಲುಗಳ ಮೇಲೆ ಒಂದಕ್ಷರವೂ ಇರುವುದಿಲ್ಲ. ಆದರೆ ಅಕ್ಷರವಿಲ್ಲದ ಕಾರಣಕ್ಕೆ ಅವು ಮೂಕವಲ್ಲ. ಅವುಗಳ ಮೇಲಿನ ಪ್ರತಿಯೊಂದು ಚಿತ್ರಕ್ಕೂ ನಿಶ್ಚಿತವಾದ ಅರ್ಥವಿದೆ. ಆ ಕಾಲದ ಜನ ಅದನ್ನು ಓದಬಲ್ಲವರಾಗಿದ್ದರು, ನಾವು ಮರೆತಿದ್ದೇವೆ ಅಷ್ಟೆ.

ಕೆಳಗಿನಿಂದ ಮೇಲಕ್ಕೆ

ವೀರಗಲ್ಲನ್ನು ಪುಸ್ತಕದಂತೆ ಮೇಲಿನಿಂದ ಕೆಳಕ್ಕೆ ಓದಬಾರದು. ಕಥೆ ಆರಂಭವಾಗುವುದು ಬುಡದಲ್ಲಿ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ಸತ್ತ ವೀರನನ್ನು ಇಕ್ಕೆಲದಲ್ಲಿ ಹಿಡಿದು ಮೇಲಕ್ಕೊಯ್ಯುವ ದೇವಕನ್ನಿಕೆಯರು, ಮೇಲಿನದರಲ್ಲಿ ದೇವಸಾನ್ನಿಧ್ಯ. ತುದಿಯಲ್ಲಿ ಸೂರ್ಯ, ಚಂದ್ರ. ಅವೆರಡೂ ಇರುವವರೆಗೆ ಈ ಕೀರ್ತಿ ಇರಲಿ ಎಂಬುದು ಅದರ ಆಶಯ.

ನಿಜವಾದ ಸುದ್ದಿ ಇರುವುದು ಕೆಳಗಿನ ಪಟ್ಟಿಕೆಯಲ್ಲಿ. ಅಲ್ಲಿ ಹಸುಗಳ ಸಾಲಿದ್ದರೆ ಅದು ತುರುಗೊಳ್. ಶತ್ರುಗಳು ಕೊಂಡೊಯ್ಯುತ್ತಿದ್ದ ಊರ ದನಗಳನ್ನು ಮರಳಿಸುವಾಗ ಮಡಿದವನ ಕಲ್ಲು ಅದು. ಕೆದರಿದ ಮುಡಿಯ ಹೆಣ್ಣಿನ ಚಿತ್ರವಿದ್ದರೆ ಪೆಣ್ಬುಯ್ಯಲ್, ಅಂದರೆ ಹೆಂಗಸರ ಮೇಲೆ ಕೈಮಾಡಿದವರನ್ನು ಎದುರಿಸಿದ ಪ್ರಸಂಗ. ಊರಳಿವು, ಗಡಿಕಾಳಗ, ಹುಲಿ ಹಂದಿಗಳೊಡನೆ ಹೋರಾಟ, ಇವಕ್ಕೂ ಬೇರೆ ಬೇರೆ ಚಿತ್ರಗಳಿವೆ. ವೀರ ಕುದುರೆಯ ಮೇಲಿದ್ದು ತಲೆಯ ಮೇಲೆ ಛತ್ರಿಯಿದ್ದರೆ ಆತ ನಾಯಕ. ಕಾಲ್ನಡೆಯಲ್ಲಿ ಬಿಲ್ಲು ಹಿಡಿದು ನಿಂತವನು ಊರಿನ ಸಾಮಾನ್ಯ. ಹಸುಗಳು ಮೊಲದಷ್ಟು ಚಿಕ್ಕವು, ವೀರ ಮಾತ್ರ ದೊಡ್ಡವನು. ಇದನ್ನು ಶಿಲ್ಪಿಯ ಅಳತೆ ತಪ್ಪೆಂದು ಭಾವಿಸುವವರಿದ್ದಾರೆ. ವಾಸ್ತವವಾಗಿ ಅದು ಮಹತ್ವದ ಅಳತೆ.

ಮೇಲಿನ ಪಟ್ಟಿಕೆ ಮತವನ್ನು ಹೇಳುತ್ತದೆ. ಲಿಂಗ, ನಂದಿ, ಪೂಜಿಸುವ ಅರ್ಚಕ, ಕೈಮುಗಿದು ಕುಳಿತ ವೀರ ಇದ್ದರೆ ಶೈವ. ಜಿನಬಿಂಬವಿದ್ದರೆ ಜೈನ. ಇದೇ ಜಿನಬಿಂಬದ ಕೆಳಗೆ ಯುದ್ಧದ ಬದಲು ಶಾಂತವಾಗಿ ಕುಳಿತ ವ್ಯಕ್ತಿಯೂ ಎದುರಿಗೆ ಶಾಸ್ತ್ರಗ್ರಂಥದ ಪೀಠವೂ ಇದ್ದರೆ ಅದು ವೀರಗಲ್ಲೇ ಅಲ್ಲ, ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ನಿಷಿಧಿಗಲ್ಲು.

ಈ ಗೌರವ ಮನುಷ್ಯರಿಗಷ್ಟೇ ಮೀಸಲಾಗಿರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಕಲ್ಲಿನಲ್ಲಿ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಸೆಣಸಿ ಸತ್ತ ದೃಶ್ಯವಿದೆ. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸಿಂದರ ನಾಡು, ದನಗಾಹಿಗಳ ಸೀಮೆ

ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ, ನಾಗವಂಶದವರೆಂದು ಹೇಳಿಕೊಂಡ ಸಿಂದ ಅರಸರ ಒಂದು ಶಾಖೆಯ ನೆಲೆ. ಕಲ್ಯಾಣ ಚಾಲುಕ್ಯರ ನಂತರ ಹೊಯ್ಸಳರೂ ಸೇವುಣರೂ ಹಿಡಿತಕ್ಕಾಗಿ ಕಾದಾಡಿದ ಗಡಿನಾಡಿದು. ಇಂಥಲ್ಲಿ ಕಲ್ಲು ನೆಡುವ ಸಂದರ್ಭಗಳಿಗೆ ಕೊರತೆಯಿರಲಿಲ್ಲ. ಜಗಳೂರಿನ ಒಣಭೂಮಿಯ ಸ್ಥಿತಿ ಬೇರೆ. ಅಲ್ಲಿ ದನವೇ ಸಂಪತ್ತು; ಮಧ್ಯ ಕರ್ನಾಟಕದ ಮ್ಯಾಸನಾಯಕರು ಇಂದಿಗೂ ‘ದೇವರ ಎತ್ತು’ಗಳ ಹಿಂಡನ್ನು ಪೂಜ್ಯವೆಂದು ಸಾಕುತ್ತಾರೆ. ತುರುಗೊಳ್ ಕಲ್ಲಿನ ಹಸುವನ್ನು ಆ ಹಿನ್ನೆಲೆಯಲ್ಲಿ ನೋಡಬೇಕು.

ದಾನಶಾಸನಗಳ ತಲೆಯ ಮೇಲೂ ಹಸು ಬರುತ್ತದೆ. ಕರುವಿಗೆ ಹಾಲೂಡುವ ಹಸು, ಎದುರಿಗೆ ಕತ್ತಿ, ನಡುವೆ ಲಿಂಗ, ಮೇಲೆ ಸೂರ್ಯಚಂದ್ರ. ಹಸು ದತ್ತಿಯನ್ನೂ ಕತ್ತಿ ಅದನ್ನು ಕಾಯುವ ಅರಸನ ಅಧಿಕಾರವನ್ನೂ ಸೂಚಿಸುತ್ತವೆಂಬುದು ರೂಢಿಯಲ್ಲಿರುವ ವಿವರಣೆ. ಓದಲು ಬಾರದ ರೈತನಿಗೂ ಈ ಹೊಲ ದೇವಸ್ಥಾನದ್ದು, ಮುಟ್ಟಿದರೆ ಗೋಹತ್ಯೆಯ ಪಾಪ ಎಂಬುದು ತಿಳಿಯುತ್ತಿತ್ತು. ಹೊಲದ ಗಡಿಯಲ್ಲಿ ಶೈವ ದತ್ತಿಗೆ ಲಿಂಗಮುದ್ರೆ, ವೈಷ್ಣವ ದತ್ತಿಗೆ ಛತ್ರಿ ಕಮಂಡಲಗಳ ವಾಮನಮುದ್ರೆ, ಜೈನ ದತ್ತಿಗೆ ಮುಕ್ಕೊಡೆಯ ಕಲ್ಲುಗಳನ್ನು ನೆಡುತ್ತಿದ್ದರು. ಇಂದಿನ ಭೂಮಾಪನ ಇಲಾಖೆಯ ಬಾಂದುಕಲ್ಲಿನ ಕೆಲಸವನ್ನು ಅಂದು ಇವು ಮಾಡುತ್ತಿದ್ದವು ಎನ್ನಬಹುದು.

ಬಳೆ ತೊಟ್ಟ ತೋಳು

ಇವೆಲ್ಲಕ್ಕಿಂತ ಕಠಿಣವಾದ ಸಂಕೇತ ಮಾಸ್ತಿಕಲ್ಲಿನದು. ಮಹಾಸತಿ ಎಂಬುದೇ ಮಾಸ್ತಿಯಾಗಿದೆ. ಕಂಬವೊಂದರಿಂದ ಹೊರಚಾಚಿ ಮೊಣಕೈಯಲ್ಲಿ ಮಡಿದು ಮೇಲೆತ್ತಿದ ತೋಳು, ನೆಟ್ಟಗಿನ ಬೆರಳುಗಳು, ಹೆಬ್ಬೆರಳ ಸಂದಿಯಲ್ಲಿ ನಿಂಬೆಹಣ್ಣು, ಮುಂಗೈ ತುಂಬ ಬಳೆ. ಕೆಲವು ಕಲ್ಲುಗಳಲ್ಲಿ ಕನ್ನಡಿಯೂ ಇರುತ್ತದೆ. ಎಷ್ಟು ತೋಳುಗಳಿವೆಯೋ ಅಷ್ಟು ಮಂದಿ ಹೆಂಗಸರು ಚಿತೆಯೇರಿದ್ದಾರೆಂದು ಅರ್ಥ. ಗಂಡ ಸತ್ತವಳ ಬಳೆ ಒಡೆಯುವುದು ಪದ್ಧತಿ. ಕಲ್ಲಿನ ತೋಳಿನಲ್ಲಿ ಬಳೆ ಒಡೆದಿಲ್ಲ. ಆಕೆ ವಿಧವೆಯಾಗಲೇ ಇಲ್ಲ ಎಂದು ಆ ಚಿತ್ರ ಸಾರುತ್ತದೆ. ಇಂದು ಇದಕ್ಕೆ ಮಾಸ್ತಮ್ಮನೆಂದು ಹೂ ಮುಡಿಸಿ, ಎತ್ತಿದ ಕೈಯನ್ನು ಅಭಯಹಸ್ತವೆಂದು ನಂಬಿ ನಮಸ್ಕರಿಸುವವರಿದ್ದಾರೆ.

ಆದರೆ ಚಿತ್ರ ಹೇಳುವುದಷ್ಟೇ ಸತ್ಯವೆಂದು ಒಪ್ಪಬಾರದು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ದೇಕಬ್ಬೆಯ ಶಾಸನವಿದೆ. ಅದರಲ್ಲಿ ಚಿತೆಯೇರಲು ಹೊರಟ ಮಗಳನ್ನು ಹೆತ್ತವರು ಬೇಡವೆಂದು ಅಂಗಲಾಚಿ ತಡೆದ ಸಂಗತಿ ದಾಖಲಾಗಿದೆ. ಆ ಅಳಲು ನಮಗೆ ತಲುಪಿದ್ದು ಅಕ್ಷರದ ಮೂಲಕ. ಅಕ್ಷರವಿಲ್ಲದ ಮಾಸ್ತಿಕಲ್ಲುಗಳ ಹಿಂದೆ ಯಾರು ಅತ್ತರು, ಯಾರು ತಡೆದರು ಅಥವಾ ತಳ್ಳಿದರು ಎಂಬುದಕ್ಕೆ ತೋಳು ಉತ್ತರ ಕೊಡುವುದಿಲ್ಲ. ಸಂಕೇತವು ತಿಳಿಸುವಷ್ಟೇ ಸಮರ್ಥವಾಗಿ ಮರೆಮಾಚಲೂ ಬಲ್ಲದು. ಬ್ರಿಟಿಷ್ ಆಡಳಿತ 1829ರಲ್ಲಿ ಬಂಗಾಳ ಪ್ರಾಂತ್ಯದಲ್ಲಿ ಸತಿ ಪದ್ಧತಿಯನ್ನು ನಿಷೇಧಿಸಿತು. 1987ರ ಕೇಂದ್ರ ಕಾಯ್ದೆ ಅದರ ವೈಭವೀಕರಣವನ್ನೂ ಅಪರಾಧವಾಗಿಸಿದೆ. ಕಲ್ಲನ್ನು ಇತಿಹಾಸದ ಸಾಕ್ಷಿಯಾಗಿ ಉಳಿಸಿಕೊಳ್ಳುವುದು ಬೇರೆ, ಆಚರಣೆಯನ್ನು ಹೊಗಳುವುದು ಬೇರೆ.

ಸೂಚಿಯಲ್ಲಿಲ್ಲದ ಕಲ್ಲುಗಳು

ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ (1902) ಹೊನ್ನಾಳಿ, ಚನ್ನಗಿರಿಗಳ ಶಾಸನಗಳೂ ಹನ್ನೊಂದನೆಯದರಲ್ಲಿ (1903) ಜಗಳೂರಿನವೂ ಇವೆ. ಅಂದು ಮೊದಲೆರಡು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು; 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯ ಊರುಗಳನ್ನು ಆ ಸಂಪುಟದಲ್ಲಿ ಹೊನ್ನಾಳಿಯ ಕೆಳಗೆ ಹುಡುಕಬೇಕು. ಎಂ. ಚಿದಾನಂದಮೂರ್ತಿ, ಆರ್. ಶೇಷಶಾಸ್ತ್ರಿ, ಷ. ಶೆಟ್ಟರ್ ಅವರಂಥ ವಿದ್ವಾಂಸರು ಸ್ಮಾರಕ ಶಿಲೆಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ್ದಾರೆ.

ಶಾಸನ ಸಂಪುಟಗಳ ಗುರಿ ಅಕ್ಷರ. ಬರಹವಿರುವ ಕಲ್ಲು ನಾಳೆ ಒಡೆದರೂ ಅದರ ಪಾಠ ಮುದ್ರಣದಲ್ಲಿ ಉಳಿಯುತ್ತದೆ. ಬರಹವಿಲ್ಲದ್ದಕ್ಕೆ ಆ ಭಾಗ್ಯವಿಲ್ಲ. ಅದರ ಚಿತ್ರವೇ ಅದರ ಪಾಠ. ನಿಧಿಯಾಸೆಗೆ ಬುಡ ಅಗೆಯುವವರಿಂದ, ರಸ್ತೆ ಅಗಲೀಕರಣದ ಯಂತ್ರಗಳಿಂದ, ಗುಡಿಯ ಜೀರ್ಣೋದ್ಧಾರದಲ್ಲಿ ಬಳಿಯುವ ಬಣ್ಣದಿಂದ ಹಾಳಾಗುವುದು ಇಂಥವೇ ಹೆಚ್ಚು. ನೂರು ವರ್ಷ ಮೀರಿದ ಶಿಲ್ಪವು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಯಾದರೂ, ಪಟ್ಟಿಯಲ್ಲೇ ಇಲ್ಲದ ಕಲ್ಲು ಕಾಣೆಯಾದುದನ್ನು ಗುರುತಿಸುವವರು ಯಾರು?

ಬೆಂಗಳೂರು ಪರಿಸರದ ಶಾಸನಗಳನ್ನು ಮಿಥಿಕ್ ಸೊಸೈಟಿ ಮೂರು ಆಯಾಮದ ಸ್ಕ್ಯಾನ್ ಮೂಲಕ ದಾಖಲಿಸುತ್ತ ಬಂದಿದೆ. ಅಂಥ ಯಂತ್ರ ಹಳ್ಳಿಗೆ ಬರುವವರೆಗೆ ಮೊಬೈಲ್ ಕ್ಯಾಮೆರಾ ಸಾಕು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಕೆತ್ತನೆಯ ಉಬ್ಬುತಗ್ಗು ಚೆನ್ನಾಗಿ ಮೂಡುತ್ತದೆ. ಕಲ್ಲು ನಿಂತ ಜಾಗ, ಮುಖ ಮಾಡಿದ ದಿಕ್ಕು, ಊರವರು ಕರೆಯುವ ಹೆಸರನ್ನು ಬರೆದಿಟ್ಟುಕೊಂಡು ಪುರಾತತ್ವ ಇಲಾಖೆಗೆ ತಿಳಿಸಬಹುದು. ಚಿತ್ರ ಸ್ಪಷ್ಟವಾಗಲೆಂದು ಸುಣ್ಣ ಬಳಿಯುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು ಕೂಡದು. ಸವೆದ ಕಲ್ಲಿನಲ್ಲಿ ಮೊದಲು ಅಳಿಯುವುದು ವೀರನ ಮುಖವಲ್ಲ, ಕಾಲ ಬುಡದಲ್ಲಿನ ಆ ಪುಟ್ಟ ಹಸುಗಳು.